ಮೂವತ್ತೊಂದನೇದು

ಬೀದರಿನ ನಂದಿನಗರ ಲ್ಯಾಬಿನಾಗ ಹನ್ನೆರಡು ವಾರ
ಇಲಿಗಳಿಗಿ ಡಾಲ್ಡಾ ಕಲಸಿದ ಉಂಡಿ ಕಟ್ಟಿದಾಂವ ನಾನು.
ಎಡಗಡಿ ಪಂಜರಕ್ಕ ಜ್ವಾಳ, ಹಿಂಡಿ;
ಬಲಗಡಿಯವಕ್ಕ ಬೆಣ್ಣಿಯಂಥ ಊಟ,
ಬಾಲ ಸೈತ ಮಿಂಚ್ತಿದ್ದವು.

ಮೊದಲ ಮೂರು ವಾರ
ತಕ್ಕಡಿ ಎರಡೂ ಕಡಿ ಒಂದೇ ಮಾತು ಹೇಳ್ತು.
ಮೂತ್ರ ಮಾತ್ರ ಮುಂಚೇನೇ ಬಾಯಿ ಬಿಟ್ಟಿತ್ತು;
ಮಷಿನಿನ ಕಾಗದದ ಮ್ಯಾಲ
ಗೀಟು ಬ್ಯಾರೆ ಕಡಿ ಎದ್ದಿದ್ದವು.
"ಒಳಗಿನ ಲೆಕ್ಕ ಮೊದಲು ಕೆಡ್ತದ ಬಕ್ಕಪ್ಪ,
ಹೊಟ್ಟಿ ಆಮ್ಯಾಲ ಬರ್ತದ"
ಅಂದ್ರು ಮೆಹರುನ್ನಿಸಾ ಮೇಡಂ.

ರಕ್ತ ಗರಗರ ತಿರುಗಿಸಿಟ್ಟರ
ಮ್ಯಾಲಿನ ನೀರು ತಿಳಿ ಹೊನ್ನಿನಂಗ ಇರಬೇಕು.
ಇವುಗಳದು ಮಜ್ಜಿಗಿ.
ಮೂವತ್ತೊಂದನೇದರ ಕಲೇಜಿ ಹಳದಿ,
ಬೆರಳಿಟ್ಟರ ತಗ್ಗು.
ಬಾಟ್ಲಿಯಾಗ ಬಿಟ್ಟೆ:
ಮುಳುಗಲಿಲ್ಲ.

ಆಗ ನೆನಪಾತು. ಹೋದ ಬ್ಯಾಸಗಿಯಾಗ
ತಲಿದಿಂಬಿನ ಗಲೀಫ ಮೂಸಿ ಶಾಂತಾಬಾಯಿ ಅಂದಿದ್ದಳು,
"ನಿನ್ನ ಬೆವರು ಮೊದಲಿನಂಗ ಇಲ್ಲ."
ನಾನು ನಕ್ಕಿದ್ದೆ. ಕೈಯಾಗ
ಬಸ್ ಸ್ಟ್ಯಾಂಡಿನ ಮಿರ್ಚಿ ಭಜಿ;
ಎಣ್ಣಿ ಕುಡಿದ ಪೇಪರಿನಾಗ
ಹಿಂದಿನ ಪುಟದ ಅಕ್ಷರ ತಿರುಗಾಮುರುಗಾ ಕಾಣ್ತಿದ್ದವು.
ಇಲಿಗಿ ನಾ ಹಾಕಿದೆ.
ನನಗ್ಯಾರೂ ಹಾಕಿರಲಿಲ್ಲ,
ಇಪ್ಪತ್ತು ರೂಪಾಯಿ ಕೊಟ್ಟು ನಾನೇ ತಿಂದೆ.

ಇವತ್ತ ಜಿಲ್ಲಾ ದವಾಖಾನಿ ಸ್ಟ್ಯಾಂಡಿನಾಗ
ನನ್ನ ಹೆಸರಿನ ಸೀಸಿ ನಿಂತದ.
ಟೆಕ್ನಿಷಿಯನ್ ಹುಡುಗಿ ಅದನ್ನ ಬೆಳಕಿಗಿ ಹಿಡಿದು
ಏನೂ ಅನ್ನಲಿಲ್ಲ.
ಇಪ್ಪತ್ತು ವರ್ಷ ಸೀಸಿ ನೋಡಿದಾಂವ ನಾನು,
ಗೋಡಿ ಕಡಿ ಮುಖ ಮಾಡಿ
ಅಂಗಿ ತೋಳಿನ ಗುಂಡಿ ಹಾಕ್ಕೋತ ಕುಂತೆ.