ಟೋಪಿಗೆ ಇಂಗ್ಲಿಷಿನಲ್ಲಿ ಏನಂತಾರೆ

ರೋಲಾ ಎಂದರೆ ಆಲದ ಮರವಂತೆ. ಆ ಮರ ಈಗಿಲ್ಲ,
ಹೆಸರಿನ ನೆರಳಲ್ಲಿ ಬಸ್ಸಿಗೆ ಕಾಯುತ್ತದೆ ಶಾರ್ಜಾ.
ಹಿಂದಿನ ಗಲ್ಲಿ, ಎರಡನೆಯ ಮಹಡಿ, ನಮ್ಮ ಟೈಪಿಂಗ್ ಸೆಂಟರು.
ಆಗಸ್ಟು. ಎಸಿಯ ಕೆಳಗಿಟ್ಟ ಪೇಂಟಿನ ಡಬ್ಬಿಗೆ
ಟಪ್ಪೆಂದು ಬೀಳುವ ಹನಿಗೂ ನನ್ನ ಬೆರಳಿಗೂ ಎಂಥದೋ ಪಂದ್ಯ.
ಪುಟಕ್ಕೆ ಹದಿನೈದು ದಿರ್ಹಂ. ಅಳುವವರಿಗೆ ಹತ್ತು.

ದ್ಯಾವಪ್ಪ ಕುರ್ಚಿಯ ತುದಿಯಲ್ಲಿ ಕೂತ,
ರೆಪ್ಪೆಯ ಮೇಲಿನ್ನೂ ಬೂದುಬಣ್ಣದ ಧೂಳು.
'ಟೋಪಿ ಹಾಕ್ಯಾನ್ರಿ ಮೇಡಂ, ಆ ಏಜೆಂಟ. ಹಂಗ ಬರೀರಿ.'
ಲಿಂಗಸುಗೂರಿನಲ್ಲಿ ಕೊಟ್ಟ ಕಾಗದದಲ್ಲಿ ಸ್ಟೋರ್ ಕೀಪರ್ ಎಂದಿತ್ತು.
ಕೀಲಿಯ ಗೊಂಚಲು ಸೊಂಟಕ್ಕೆ ಸಿಕ್ಕಿಸಿ ನಡೆಯುವುದನ್ನು
ಊರಲ್ಲೇ ರೂಢಿ ಮಾಡಿಕೊಂಡಿದ್ದನಂತೆ.
ಇಲ್ಲಿಳಿದ ಮೂರನೆಯ ದಿನ
ಯಾವುದೋ ಟವರಿನ ಗಾಳಿಕೊಳವೆಯೊಳಗೆ
ಬ್ರಶ್ಶು ಕೊಟ್ಟು, ಹೊಟ್ಟೆಯ ಮೇಲೆ ತೆವಳಿಸಿದರು.

ಟೋಪಿ. ಇಂಗ್ಲಿಷಿನಲ್ಲಿ ಅದು ಬರಿಯ ಟೋಪಿ,
ಅವರವರ ತಲೆಗೆ ಅವರವರೇ ಹಾಕಿಕೊಳ್ಳುವುದು, ಬಿಸಿಲಿಗೆ.
ಬೇರೆ ಪದ ಹುಡುಕಿದೆ.

ಚೀಟ್? ಪರೀಕ್ಷೆ ಹಾಲಿನದು, ತೊಡೆಯ ಮೇಲಿನ ಚೀಟಿ.
ಟ್ರಿಕ್ಕಿಗೆ ಚಪ್ಪಾಳೆ ಬೀಳುತ್ತದೆ.
ಬ್ಲಫ್ ಇಸ್ಪೀಟಿನವರದು,
ಅಲ್ಲಿ ಎದುರು ಕೂತವನ ಕೈಯಲ್ಲೂ ಎಲೆಗಳಿರುತ್ತವೆ.
ಹೋಕಸ್ ಪೋಕಸ್ ಎಂದು ಓದಿ ಹೇಳಿದಾಗ
ದ್ಯಾವಪ್ಪ ಮೊದಲ ಸಲ ನಕ್ಕ: 'ಕೋಳಿ ಕರದಂಗ ಆತಲ್ರಿ!'
ಮಿಸ್‌ರೆಪ್ರೆಸೆಂಟೇಶನ್, ಕೋಟು ತೊಟ್ಟ ಪದ,
ನಮ್ಮ ಯಜಮಾನ ಕುಂಞಿಮೂಸರಿಗೆ ಬಲು ಇಷ್ಟ.
ಸತ್ತವನನ್ನು 'ಗೈರುಹಾಜರು' ಎಂದ ಹಾಗೆ.
ಫ್ರಾಡ್ ಭಾರ. ಮೊಹರು ಕೇಳುತ್ತದೆ, ರಸೀದಿ ಕೇಳುತ್ತದೆ.
ತೊಂಬತ್ತು ಸಾವಿರ ಕೈ ಬದಲಾದದ್ದು
ಖಾನಾವಳಿಯ ಹಿಂಬಾಗಿಲಲ್ಲಿ, ಹಳೇ ಪೇಪರಿನಲ್ಲಿ ಸುತ್ತಿ.

ನಮ್ಮದರಲ್ಲಾದರೋ ಎಷ್ಟು ಉಪಚಾರ!
ಬೆಣ್ಣೆ ಹಚ್ಚುತ್ತಾರೆ, ಚಳ್ಳೆಹಣ್ಣು ತಿನ್ನಿಸುತ್ತಾರೆ,
ಕಿವಿಗೆ ಹೂವಿಟ್ಟು, ಹಣೆಗೆ ನಾಮವೆಳೆದು,
ಅಂಗೈಯಲ್ಲೇ ವೈಕುಂಠ ತೋರಿಸಿ
ಕಳಿಸುವ ಹೊತ್ತಿಗೆ ಮದುಮಗನೇ ಆಗಿರುತ್ತಾನೆ ಮನುಷ್ಯ.

'ಹೆಸರು ಸ್ಪೆಲ್ ಮಾಡಿ' ಎಂದೆ, ರೂಢಿಯಂತೆ.
ಸ್ಪೆಲ್ ಎಂದರೆ ಮಾಟವೂ ಹೌದು.
ಕಾಗುಣಿತಕ್ಕೂ ಮದ್ದು ಹಾಕುವುದಕ್ಕೂ ಒಂದೇ ಪದ ಇಟ್ಟವರು
ಯಾವ ಕಚೇರಿಯಲ್ಲಿ ಸಾಲು ನಿಂತಿದ್ದರೋ.
ಅವನು ಕಾರ್ಡು ಸರಿಸಿದ. ದ್ಯಾವಬ್ಬ ಎಂದಿತ್ತು.
ಅರಬ್ಬಿಯಲ್ಲಿ 'ಪ' ಇಲ್ಲ.
ಅಪ್ಪ ಕಳೆದುಹೋಗಿ
ಹೆಸರಿನ ಕೊನೆಗೊಂದು ಉದ್ಗಾರ ಉಳಿದಿತ್ತು: ಅಬ್ಬ!

ಆಗಲೇ ಫೋನು. ಹೆಂಡತಿ.
'ಹೂಂ, ಸ್ಟೋರಿನ್ಯಾಗ ಅದೀನಿ. ಸಾಮಾನು ಭಾಳ ಬಂದೈತಿ.'
ನನ್ನತ್ತ ನೋಡಲಿಲ್ಲ. ಮೇಜಿನ ಮೇಲಿದ್ದ ನನ್ನ ಕೀಲಿಗೊಂಚಲೆತ್ತಿ
ಫೋನಿನ ಹತ್ತಿರ ಹಿಡಿದು
ಎರಡು ಸಲ ಅಲ್ಲಾಡಿಸಿದ.
'ಕೇಳಿಸ್ತೇನು?'

ಹನಿ ಬಿತ್ತು. ನನ್ನ ಬೆರಳು ಬೀಳಲಿಲ್ಲ.
ಇದಕ್ಕೆ ಯಾವ ಪದ, ಯಾವ ಭಾಷೆಯಲ್ಲಿ,
ಯಾರ ಮೇಲೆ ದೂರು?

ಕೊನೆಗೆ ಫ್ರಾಡ್ ಎಂದೇ ಹೊಡೆದೆ.
ಪಕ್ಕದ ಮೇಜಿನ ಸಾಲಿಹ್ ಅದನ್ನು ಇಹ್ತಿಯಾಲ್ ಮಾಡಿದ,
ಬಲದಿಂದ ಎಡಕ್ಕೆ ಓಡಿತು ಒಂದು ವರ್ಷ, ಒಂದೇ ಸಾಲಲ್ಲಿ.
ಅವನು ಅಳಲಿಲ್ಲವಾದ್ದರಿಂದ ಹದಿನೈದು ಕೊಟ್ಟ.
ನಾನು ಹತ್ತು ಎಂದೆ. ರೇಟು ಇಳಿದಿದೆ ಎಂದು ಸುಳ್ಳು ಹೇಳಿದೆ.

ಅವನು ಹೋದಮೇಲೆ ಗೊಂಚಲು ಎಣಿಸಿದೆ.
ಐದಿವೆ. ಮನೆಯದು, ಡ್ರಾಯರಿನದು, ಅಂಚೆಪೆಟ್ಟಿಗೆಯದು,
ಸೂಟ್‌ಕೇಸಿನ ಚಿಕ್ಕದು.
ಇನ್ನೊಂದು ಯಾವ ಬೀಗದ್ದೋ,
ಒಂಬತ್ತು ವರ್ಷದಿಂದ ಹೊತ್ತು ತಿರುಗುತ್ತಿದ್ದೇನೆ.