ಹೆಸರು ಹೇಳಿದರೆ ಸೂಜಿ

ಸ್ಟೌವಿಗೆ ಗಾಳಿ ಹೊಡೆಯುವುದು ನನ್ನ ಕೆಲಸ.
ನೂರು ಎಣಿಸುವ ತನಕ ಸೂಜಿ ಕುದಿಯಬೇಕು.
ನನಗೆ ಎಣಿಕೆ ಬರುತ್ತಿದ್ದುದು ಎಂಬತ್ತರವರೆಗೆ,
ಉಳಿದ ಇಪ್ಪತ್ತಕ್ಕೆ ಕಾರಂಜಾ ಹೊಳೆಯ ಕಡೆ ನೋಡುತ್ತಿದ್ದೆ.
ಆ ನೀರೇ ಕುಡಿದು
ಒಂದೇ ವಾರದಲ್ಲಿ ಹನ್ನೊಂದು ಮಂದಿ ಹೋಗಿದ್ದರು.

ನಿಜಾಮನ ರೊಕ್ಕ ಇನ್ನೂ ಓಡುತ್ತಿದ್ದ ಕಾಲ.
ದೇಶಕ್ಕೆ ಮೊದಲ ಓಟು ಬರುತ್ತದಂತೆ ಎಂದು
ಪಟವಾರಿ ಬಂದು, ಹೊಸ್ತಿಲಾಚೆಯೇ ನಿಂತು
ಬರೆದುಕೊಂಡು ಹೋಗಿದ್ದ:
ಜಟ್ಟೆಪ್ಪನ ಹೆಂಡತಿ. ಮಾಣಿಕಪ್ಪನ ತಾಯಿ.
ಮಾಣಿಕಪ್ಪನ ಹೆಂಡತಿ. ಅವನದೇ ಇನ್ನೊಬ್ಬಳು.
ಮೇಲಿನಿಂದ ಹುಕುಂ ಬಂತು:
ಹೆಸರಿಲ್ಲದವರನ್ನು ಹೊಡೆದುಹಾಕಿ.
ಕೆಂಪು ಶಾಯಿಯ ಗೆರೆ. ನಮ್ಮೂರ ಇನ್ನೂರ ಆರು ಹೆಂಗಸರು
ಬೇನೆ ಬರುವ ಮೊದಲೇ ಹೋಗಿಬಿಟ್ಟಿದ್ದರು.

ಆಗ ಬಂದವಳು ಎಸ್ತೇರಮ್ಮ,
ಬೀದರಿನ ಮಿಶನ್ ದವಾಖಾನೆಯ ನರ್ಸಬಾಯಿ.
ಒಂದು ಕೈಯಲ್ಲಿ ಲಸಿಕೆಯ ಡಬ್ಬಿ,
ಇನ್ನೊಂದರಲ್ಲಿ ಪಟವಾರಿಯ ಕಾಗದದ ನಕಲು.
ಅಂಗಳದಲ್ಲಿ ನಿಲ್ಲಲಿಲ್ಲ, ಒಲೆಯ ಮುಂದೆ ಹೋಗಿ ಕೂತಳು.
“ಹೆಸರು ಹೇಳಿದ್ರ ಸೂಜಿ. ಇಲ್ಲಾಂದ್ರ ಇಲ್ಲ.
ಸರ್ಕಾರದ ಕಾನೂನು.”

ಅಂಥ ಕಾನೂನು ಎಲ್ಲೂ ಇರಲಿಲ್ಲ.
ನನಗೆ ಗೊತ್ತಿತ್ತು. ಗಾಳಿ ಹೊಡೆಯುತ್ತ ಕೂತಿದ್ದೆ.

ಗಂಡನ ಹೆಸರಾದರೆ ಒಡಪು ಹಾಕುತ್ತಿದ್ದರು,
ಬೆಳ್ಳಿ ತಾಟು, ಜೋಳದ ತೆನೆ, ಪ್ರಾಸ ಸಿಕ್ಕದೆ ನಗುತ್ತಿದ್ದರು.
ತಮ್ಮದು ಕೇಳಿದರೆ ಬಾಯಿ ಒಣಗುತ್ತಿತ್ತು.
“ಯಾವ್ದು ಬೇಕ್ರಿ? ತೊಟ್ಟಿಲದಾಗ ಇಟ್ಟಿದ್ದೋ, ಅತ್ತಿಮನಿಯಾಗ ಇಟ್ಟಿದ್ದೋ?”
ಮುದುಕಿಯೊಬ್ಬಳು ಮಗನನ್ನು ಕರೆದಳು:
“ನನ್ನ ಹೆಸರೇನೋ?”
ಅವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಅಕ್ಕ ನಾರಾಯಣಖೇಡದಲ್ಲಿದ್ದಳು.
ಮರುದಿನ ನಸುಕಿಗೇ ಓಡಿಬಂದಳು, ಸೆರಗು ಜಾರಿಸಿಕೊಂಡು,
“ಚಂಗುಣಾ! ಚಂಗುಣಾಬಾಯಿ!”
ಕಳೆದ ಎಮ್ಮೆ ಸಿಕ್ಕವಳಂತೆ, ಊರಿಗೆಲ್ಲ ಕೇಳುವಂತೆ.

ಖುರ್ಶೀದ್ ಬೀ ಬಾಗಿಲು ಅರ್ಧವೇ ತೆರೆದಳು.
“ಮೂರು ವರ್ಷದ ಹಿಂದೂ ಬಂದಿದ್ರು ಬಾಯಿ, ಹೆಸರು ಬರಕೊಳ್ಳೋರು.
ಆ ಪಟ್ಟಿಯೊಳಗಿನ ಗಂಡಸ್ರು ತಿರುಗಿ ಬರಲಿಲ್ಲ.”
ಸ್ಟೌ ಬುಸುಗುಟ್ಟುತ್ತಿತ್ತು.
ಎಸ್ತೇರಮ್ಮ ಪೆನ್ನಿಗೆ ಟೋಪಿ ಹಾಕಿದಳು,
ಏನೂ ಕೇಳದೆ ಅವಳ ತೋಳು ಹಿಡಿದಳು,
ಆಮೇಲೆ ಮೂರು ಮಕ್ಕಳದು.
ಪುಸ್ತಕದಲ್ಲಿ ಒಂದು ಸಾಲು ಬಿಟ್ಟಳು.
ಆ ಸಾಲು ಕೊನೆಗೂ ತುಂಬಲಿಲ್ಲ.

ಕಡೇ ಮನೆ ಶಂಕ್ರವ್ವನದು.
ಸೊಸೆಯನ್ನು ಅವಳು ಆರು ವರ್ಷ ಕರೆದದ್ದು “ಏ” ಎಂದೇ.
ಸೊಸೆ ತಾನಾಗಿ ಮುಂದೆ ಬಂದಳು, ತೋಳು ಮೇಲೆ ಸರಿಸಿ:
“ತೇಜಮ್ಮ. ದೀರ್ಘ ಮರೀಬ್ಯಾಡ್ರಿ.”
ಅಕ್ಷರ ಬಲ್ಲವಳೆಂದು ಅತ್ತೆಗೆ ತಿಳಿದದ್ದು ಅವತ್ತೇ.

ಅವಳಿಗೆ ಸೂಜಿ ತಡವಾಗಿತ್ತು. ಶನಿವಾರ ವಾಂತಿ,
ಸೋಮವಾರ ಕಣ್ಣು ಒಳಗೆ, ಮಂಗಳವಾರ ಮಣ್ಣು.

ಭಾಲ್ಕಿಯ ಕಚೇರಿಯಲ್ಲಿ ಗುಮಾಸ್ತ
ಲಸಿಕೆಯ ಪುಸ್ತಕ ಮುಟ್ಟಲು ಹೆದರಿದ.
“ಕಾಗದಕ್ಕ ಅಂಟೂದಿಲ್ರಿ ಅದು, ಕೈ ಇಡ್ರಿ.”
ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಹಾಳೆ ತಿರುವಿದ,
ಸಂಜೆತನಕ ನಕಲು ಮಾಡಿದ. ನೂರ ಎಂಬತ್ತೊಂಬತ್ತು ಹೆಸರು.
ತೇಜಮ್ಮ ಎರಡು ಪಟ್ಟಿಯಲ್ಲೂ ಇದ್ದಳು, ಸತ್ತವರದರಲ್ಲೂ, ಓಟಿನದರಲ್ಲೂ.
ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಿಸಲು ಯಾರೂ ಹೋಗಲಿಲ್ಲ.
ಎಸ್ತೇರಮ್ಮನೂ.

ಓಟಿನ ದಿನ ಶಾಲೆಯ ಮುಂದೆ ಸೀರೆಗಳ ಸಾಲು.
ನನಗೆ ಹತ್ತೊಂಬತ್ತು, ಎರಡು ವರ್ಷ ಕಡಿಮೆ.
ಕುದಿಸಿ ಆರಿಸಿದ ನೀರಿನ ಕೊಡದ ಹತ್ತಿರ ನಿಂತಿದ್ದೆ.
ಚಂಗುಣಾಬಾಯಿ ಕರೆಯುವ ಮೊದಲೇ “ಇದ್ದೀನ್ರಿ” ಅಂದಳು,
ಕರೆದ ಮೇಲೆ ಇನ್ನೊಮ್ಮೆ.

“ತೇಜಮ್ಮ, ಗಂಡ ವೀರಭದ್ರಪ್ಪ.”
ಮಾತಿಲ್ಲ.
“ತೆಜಮ್ಮ ಯಾರ್ರಿ?”
ಸಾಲಿನ ನಡುವಿನಿಂದ ಶಂಕ್ರವ್ವ,
ಆ ಹೆಸರನ್ನು ಮೊದಲ ಸಲ ಬಾಯಿಗೆ ತಂದುಕೊಂಡು,
“ತೇ” ಅಂದಳು. “ತೇಜಮ್ಮ.
ಇಲ್ರಿ ಅಕಿ.
ಖರೆ, ಹೆಸರು ಹೊಡೀಬ್ಯಾಡ್ರಿ.”