ಹಿಂದಿನ ಸೀಟು

ಗುರುಮಠಕಲ್ ಗಾಡಿ ಡ್ರೈವರ್ ಮಶಾಕನ ತುಟಿ ಅಂಚಿಗೆ
ಬ್ಯಾಸಗಿ ಬಂತಂದ್ರ ಅದೇ ಜಾಗ, ಅದೇ ಜುಮುಜುಮು,
ಮರುದಿನ ಸಾಬೂದಾಣಿಯಂಥ ನೀರಗುಳ್ಳಿ.
ರಾತ್ರಿ ಹಲ್ಲಿ ಹರಿದಾಡ್ಯಾವಂತ ಡಿಪೋದಾಗ ನಗತಾರ.
ವಾರಕ್ಕ ಹೋಗತದ. ಮತ್ತ ಬರತದ.
ಶಟಲ್ ಇದ್ದಂಗ.

ನಂದು ಹಂಗಲ್ಲ.
ಮೂರು ದಿನ ಬರೀ ಉರಿ;
ರೊಕ್ಕದ ಚೀಲದ ಪಟ್ಟಿ ತಿಕ್ಕಿರಬೇಕು ಅಂದ್ಕೊಂಡೆ.
ಆಮ್ಯಾಲ ಬೆನ್ನಿಂದ ಎಡ ಮೊಲೆಯ ಕೆಳತನ
ಕೆಂಪು ದಾರಿ, ದಾರಿಗುಂಟ ಗೊಂಚಲು ಗೊಂಚಲು.
ಸರ್ಪಸುತ್ತು, ಅಂದಳು ಅತ್ತಿ, ಜಾಜು ಕಲಸುತ್ತ:
ಹೆಡಿ ಬಾಲಕ್ಕ ಮುಟ್ಟಿದ್ರ ಮುಗೀತು.
ರಾತ್ರಿ ಕನ್ನಡಿ ಮುಂದ ನಿಂತು
ಅಳೆದೆ, ಎಷ್ಟು ಗೇಣು ಉಳಿದದ ಅಂತ.

ತಹಸೀನ್ ಡಾಕ್ಟರ್ ನಕ್ಕಳು, ಬೈಲಿಲ್ಲ.
ಮುಟ್ಟಂಗಿಲ್ಲ ಜಗದೇವಿ,
ನಡುಗೆರಿ ದಾಟಲಿಕ್ಕೆ ಅದಕ್ಕ ಪರ್ಮಿಟ್ ಇಲ್ಲ.
ಒಂದು ನರದ ರೂಟು, ಒಂದೇ ಮಗ್ಗಲು.
ಸಣ್ಣಾಕಿ ಇದ್ದಾಗ ಅಮ್ಮ ಬಂದಿದ್ದಳಲ್ಲ ಮೈಮ್ಯಾಲ?
ಎಲ್ಲಾರೂ ಇಳಿದರು, ಒಬ್ಬ ಇಳೀಲಿಲ್ಲ.
ಹಿಂದಿನ ಸೀಟಿನಾಗ ನಲವತ್ತು ವರ್ಷ
ಮುಸುಗು ಹಾಕ್ಕೊಂಡು, ಟಿಕೇಟಿಲ್ಲದ.

ಮತ್ತ ಮಶಾಕಂದು?
ಅವ ಬ್ಯಾರೆ ಮನಿಯಾಂವ. ದೂರದ ಸಂಬಂಧಿ ಅನ್ನು.
ನರದಾಗ ಮಲಗೋ ಚಾಳಿ ಇಬ್ಬರಿಗೂ ಒಂದೇ.

ಗುಳಿಗಿ, ದಿನಕ್ಕ ಐದು ಸಲ.
ಹಕ್ಕಳಿ ಉದುರೋತನ ರಜಾ,
ಬಸುರಿ ನಾದಿನಿಗೆ ಬರಬ್ಯಾಡಂತ ಫೋನು.
ಉರಿ ಮಾತ್ರ ಇನ್ನೂ ಉಳಿದದ,
ಸೀರಿ ಸೆರಗು ತಾಗಿದ್ರೂ ಬೆಂಕಿ.

ಇವತ್ತು ಮಶಾಕ ಮೊಮ್ಮಗಳನ್ನ ತೋರಿಸಲಿಕ್ಕೆ ತಂದಿದ್ದ,
ನಾಲ್ಕು ತಿಂಗಳ ಕೂಸು.
ತುಟಿಗೆ ಕರವಸ್ತ್ರ ಹಿಡಿದು
ಒಂದು ಮಾರು ದೂರದಿಂದ ಮುದ್ದಿನ ಸಪ್ಪಳ ಮಾಡಿದ.
ಕೂಸು ನಕ್ಕಿತು.
ನಾನೂ, ಪಕ್ಕಡಿ ಹಿಡಕೊಂಡು.